ಮುಗಿಯದ ಕಥೆಗೆ ಹುಲುಗಪ್ಪ ಹೇಳಿದ ಕೊನೆ

ಹೆಸರು: ಅಂಜನಾ ತಂದೆ ದಿ. ಗವಿಸಿದ್ದಪ್ಪ, ವಯಸ್ಸು: 33 ವರ್ಷ, ಉದ್ಯೋಗ: ಮನೆಯಲ್ಲೇ ರವಿಕೆ ಹೊಲಿಯುವುದು, ವಾಸ: ಕುರುಗೋಡು, ಬಳ್ಳಾರಿ ಜಿಲ್ಲೆ.

ಪೊಲೀಸ್ ಠಾಣೆಗೆ ಈ ಮೂಲಕ ತಿಳಿಸುವುದೇನೆಂದರೆ, ಮೃತ ದೊಡ್ಡಬಸವರಾಜ, 24 ವರ್ಷ, ನನ್ನ ಖಾಸಾ ತಮ್ಮ. ತಂದೆ ತಾಯಿ ತೀರಿದ ಮೇಲೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಎರಡು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೆಟ್ಟಿದ್ದು, ಪ್ರತಿ ಸೋಮವಾರ ಮತ್ತು ಗುರುವಾರ ಡಯಾಲಿಸಿಸ್‌ಗಾಗಿ ಸುಮಾರು 30 ಕಿ.ಮೀ. ದೂರದ ಬಳ್ಳಾರಿಗೆ ಕರೆದುಕೊಂಡು ಹೋಗುತ್ತಿದ್ದೆ.

ಅವನಿಗೆ ಜಪಾನಿನ ಕಡಲ್ಗಳ್ಳರ ಕಾರ್ಟೂನೊಂದರ ಹುಚ್ಚು. ಅದು ಅವನು ಹುಟ್ಟುವ ಮೊದಲೇ ಶುರುವಾಗಿ, ಸಾವಿರ ಕಂತು ದಾಟಿದರೂ ಇನ್ನೂ ಮುಗಿದಿರುವುದಿಲ್ಲ. ಅದರ ಸಿನಿಮಾ, ಗೇಮು, ಚಿತ್ರಕಥೆಯ ಪುಸ್ತಕ ಯಾವುದನ್ನೂ ಅವನು ಬಿಟ್ಟವನಲ್ಲ. ಸೂಜಿಗೆ ಹೆದರಿ ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಮಾಡುತ್ತಿದ್ದರಿಂದ ನಾನೊಂದು ಕರಾರು ಹಾಕಿದ್ದೆ. ಭಾನುವಾರ ಬರುವ ಹೊಸ ಕಂತನ್ನು ಸೋಮವಾರ ಸೂಜಿ ಚುಚ್ಚಿಸಿಕೊಂಡ ಮೇಲೆಯೇ ನೋಡಬೇಕು, ಅಲ್ಲಿಯವರೆಗೆ ಮೊಬೈಲು ನನ್ನ ಚೀಲದಲ್ಲಿ. ಕೆಳಗೆ ಬರುವ ಇಂಗ್ಲಿಷನ್ನು ಓದಿ ಅವನು ನನಗೆ ಕನ್ನಡದಲ್ಲಿ ಹೇಳುತ್ತಿದ್ದನು. ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಆ ಕಥೆ ಮುಗಿಯದಿರಲಪ್ಪಾ ಎಂದು ದೇವರಿಗೆ ಕೈ ಮುಗಿದದ್ದು ಮಾತ್ರ ಉಂಟು.

ದಿ: 09.11.2025ರ ಭಾನುವಾರ ಮಧ್ಯಾಹ್ನ ಅವನ ಗೆಳೆಯ ಹುಲುಗಪ್ಪ, 25 ವರ್ಷ, ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೊಬೈಲ್ ಕವರುಗಳ ಮೇಲೆ ಚಿತ್ರ ಅಚ್ಚು ಹಾಕುವವನು, ನಮ್ಮ ಮನೆಗೆ ಬಂದನು. ನಾನು ಬಾಗಿಲ ಬಳಿ ಹೊಲಿಯುತ್ತಾ ಕುಳಿತಿದ್ದೆ. ತಮ್ಮನು, ನಾ ಕೊನಿ ನೋಡಾಕ ಇರಂಗಿಲ್ಲಲೇ, ನೀನಾರ ಹೇಳು ಎಂದು ಅವನನ್ನು ಕೇಳಿದನು. ಹುಲುಗಪ್ಪ ಅತ್ತನು. ನಂತರ ಹೊಸಾ ಪುಸ್ತಕದಾಗ ಕೊನಿ ಬಂದೈತಿ ಎಂದು ಹೇಳಿ ಶುರು ಮಾಡಿದನು. ನಿಧಿ ಸಿಕ್ಕಿತಂತೆ, ಎಲ್ಲರೂ ಊರಿಗೆ ಮರಳಿದರಂತೆ, ಊಟವೆಂದರೆ ಪ್ರಾಣ ಬಿಡುವ ನಾಯಕ ಖಾನಾವಳಿ ಇಟ್ಟನಂತೆ. ಆ ಕೊನೆ ಹುಲುಗಪ್ಪನೇ ಕಟ್ಟಿದ್ದೆಂದು ನನಗೆ ಆಗಲೇ ಅನುಮಾನ ಬಂತು. ಆದರೆ ತಮ್ಮ ಎಷ್ಟೋ ದಿನಗಳ ಮೇಲೆ ನಕ್ಕಿದ್ದರಿಂದ ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ 6 ಗಂಟೆಗೆ ಆಟೋ ಬಂದು ನಿಂತರೂ ಅವನು ಏಳಲಿಲ್ಲ. ಕಥಿ ಮುಗೀತಕ್ಕ, ಇನ್ನ ಸೂಜಿ ಯಾಕ ಬೇಕು ಎಂದನು. ಬೈದೆ, ಕಾಲು ಹಿಡಿದೆ. ಹುಲುಗಪ್ಪನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಅಂದು ಸಂಜೆಯೇ ಓಡಿ ಬಂದು, ಸುಳ್ಳು ಹೇಳೀನೋ ಬಸು, ಕಥಿ ಮುಗಿದಿಲ್ಲ, ಆಸ್ಪತ್ರಿಗಿ ಹೋಗಾಕ ಏಳು ಎಂದು ಆಣೆ ಮಾಡಿದನು. ತಮ್ಮನು ಗೋಡೆಯ ಕಡೆ ಹೊರಳಿದನು. ಹೇಗಾದರೂ ಮಾಡಿ ಕರೆತನ್ನಿ ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ಗುರುವಾರವೂ ಅವನು ಬರಲಿಲ್ಲ.

ದಿ: 15.11.2025ರ ಶನಿವಾರ ಬೆಳಿಗ್ಗೆ 8 ಗಂಟೆಗೆ ಉಸಿರಾಡಲಾಗದೆ ಒದ್ದಾಡತೊಡಗಿದನು. ಆಗ ಬ್ಯಾಡ ಅನ್ನುವ ಶಕ್ತಿ ಅವನಿಗಿರಲಿಲ್ಲ. 108 ಕರೆಸಿ ಹೊರಟೆ. ದಾರಿಯಲ್ಲಿ ಮುಖದ ಮಾಸ್ಕು ಸರಿಸಿ, ತಡೆತಡೆದು ಇಷ್ಟು ಹೇಳಿದನು: ಹುಲುಗ್ಯಾಗ ಕಥಿ ಕಟ್ಟಾಕ ಬರಂಗಿಲ್ಲಕ್ಕ. ಅಷ್ಟು ವರ್ಷ ಕಡಲಾಗ ತಿರುಗಿದಾವ ಖಾನಾವಳಿ ಇಡ್ತಾನೇನು? ನಂಗ ಅವತ್ತ ಗೊತ್ತಾಗಿತ್ತು. ನಂಗ ಸಾಕಾಗೇತಿ. ಅವಂಗ ಇದನ್ನ ಹೇಳಬ್ಯಾಡ, ಬ್ಯಾಸರ ಮಾಡ್ಕೊಂತಾನ. ಆಸ್ಪತ್ರೆ ಇನ್ನೂ ಸುಮಾರು 6 ಕಿ.ಮೀ. ಇರುವಾಗ ಉಸಿರು ನಿಂತಿತು.

ನನ್ನ ಚಿಕ್ಕಪ್ಪ ಚಿದಾನಂದಪ್ಪ, ಹುಲುಗಪ್ಪನೇ ತಲೆ ಕೆಡಿಸಿ ಹುಡುಗನನ್ನು ಕೊಂದನೆಂದು ದೂರು ಕೊಟ್ಟಿರುತ್ತಾರೆ. ಎರಡು ವರ್ಷದಲ್ಲಿ ಒಮ್ಮೆಯೂ ಆಸ್ಪತ್ರೆಯ ಮೆಟ್ಟಿಲು ಹತ್ತದವರು ಅವರು. ಹುಲುಗಪ್ಪನೂ ತಾನಾಗಿಯೇ ಠಾಣೆಗೆ ಬಂದು, ನಾನ ಕೊಂದೀನ್ರಿ, ಒಳಗ ಹಾಕ್ರಿ ಎನ್ನುತ್ತಿದ್ದಾನೆ. ಅವನ ಮೇಲೆ ನನಗೆ ಸಿಟ್ಟಿದೆ, ಅದು ಇದ್ದೇ ಇರುತ್ತದೆ. ಆದರೆ ಕೊಂದವನು ಅವನಲ್ಲ. ನನ್ನ ತಮ್ಮನಿಗೆ ಬದುಕು ಸಾಕಾಗಿತ್ತು. ಅದನ್ನು ಅಕ್ಕನ ಮುಖ ನೋಡಿ ಹೇಳಲಾರದೆ ಕಥೆಯ ನೆಪ ಮಾಡಿದನು. ಈ ಮರಣದಲ್ಲಿ ನನಗೆ ಯಾರ ಮೇಲೂ ಸಂಶಯವಿರುವುದಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದು, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಹೇಳಬೇಡ ಎಂದು ತಮ್ಮ ಅಂದಿದ್ದನ್ನೂ ಹೇಳಿದ್ದೇನೆ. ಹೊರಗೆ ಬೆಂಚಿನ ಮೇಲೆ ಕುಳಿತಿರುವ ಹುಲುಗಪ್ಪನಿಗೂ ಇದನ್ನು ಒಮ್ಮೆ ಓದಿ ಹೇಳಬೇಕು. ನನ್ನ ಬಾಯಿಂದ ಆಗುವುದಿಲ್ಲ.

ಸ್ಥಳ: ಕುರುಗೋಡು
ದಿನಾಂಕ: 16.11.2025
ಸಹಿ: ಅಂಜನಾ