ಮನೆತನದ ಹೆಸರು ಮೊದಲು

ಅವ್ವಾ ಚನ್ನವೀರಮ್ಮನವರೇ, ಮಗಳನ್ನ ಕಳಕೊಂಡು ಮುಂದಿನ ಸಾಲಿನ್ಯಾಗ ಕುಂತೀರಿ, ಮೊದಲ ನಮಸ್ಕಾರ ನಿಮಗ. ಮಾನ್ಯ ಪ್ರಿನ್ಸಿಪಾಲರಿಗೆ, ನಾರಾಯಣಪೇಟೆಯ ನೇಕಾರ ಬಂಧುಗಳಿಗೆ, ವಿದ್ಯಾರ್ಥಿಗಳಿಗೆ ಈ ಭಾನುಪ್ರಕಾಶನ ನಮಸ್ಕಾರ.

ಲಿಂಗೈಕ್ಯರಾದ ಬಸವೇಶ್ವರಿ ಮೇಡಂ ಅವರ ಬಗ್ಗೆ ನಾಕು ಒಳ್ಳೆ ಮಾತು ಆಡ್ರಿ ಅಂತ ನನ್ನನ್ನ ಇಲ್ಲಿ ನಿಲ್ಲಿಸ್ಯಾರ. ಆಡ್ತೀನಿ. ಆದ್ರ ಒಂದು ಹೇಳಿಬಿಡ್ತೀನಿ — ನನಗ ಅವ್ರ ಮ್ಯಾಲ ಹೊಟ್ಟೆಕಿಚ್ಚು ಇತ್ತು. ಇತ್ತು ಅಲ್ರಿ — ಐತಿ. ಅವ್ರ ಫೋಟೋಕ್ಕ ಹೂವು ಹಾಕುವಾಗಲೂ ಇತ್ತು.

ತೆಲಂಗಾಣ ರಾಜ್ಯ ಬಂದ ವರ್ಷ ನಾವಿಬ್ರೂ ಈ ಕಾಲೇಜಿಗೆ ಸೇರಿದಿವಿ. ಇಬ್ರದೂ ಕಂಪ್ಯೂಟರಿನ ಜಾವಾ ಭಾಷೆ ಪಾಠ, ಒಂದ ಲ್ಯಾಬು. ನಾ ಹುಡುಗರಿಗೆ ಭರ್ಜರಿ ಸಾಫ್ಟ್‌ವೇರ್ ತೋರಿಸಿದೆ — ಬಣ್ಣಬಣ್ಣದ ಪರದೆ, ಹಸಿರು ಬಾಣ ಒತ್ತಿದ್ರ ಪ್ರೋಗ್ರಾಂ ಓಡ್ತೈತಿ. ನಮ್ಮ ಲ್ಯಾಬಿನ ಹಳೆ ಮಷೀನು ಅದನ್ನ ತೆಗೆಯೋದ್ರಾಗ ಪೀರಿಯಡ್ಡೇ ಮುಗೀತಿತ್ತು. ಮೇಡಂ? ಒಂದು ಕಪ್ಪು ಕಿಟಕಿ. ಕಮಾಂಡ್ ಲೈನ್ — ಚಿತ್ರ ಇಲ್ಲ, ಬಾಣ ಇಲ್ಲ, ಟೈಪ್ ಮಾಡೇ ಹೇಳಬೇಕು. ಅದರಾಗ ಮೇವನ್ ಅಂತ ಒಂದು ಬಿಲ್ಡ್ ಟೂಲು — ಪ್ರೋಗ್ರಾಂಗೆ ಬೇಕಾದ ಸಾಮಾನು ತಾನ ತರ್ತೈತಿ, ತಾನ ಮಷೀನಿಗೆ ತಿಳಿಯೋ ಹಂಗ ಕಂಪೈಲ್ ಮಾಡ್ತೈತಿ, ಒಂದು ಸಾಲು ಟೈಪ್ ಮಾಡಿದ್ರ ಓಡಿಸ್ತೈತಿ. ನನ್ನ ಪರದೆ ಇನ್ನಾ ಗಿರಗಿರ ತಿರುಗ್ತಿದ್ರ ಅವ್ರ ಹುಡುಗರಿಗೆ ಉತ್ತರ ಬಂದಿರ್ತಿತ್ತು. ಮೈ ಉರೀತಿತ್ರಿ.

ಆ ಸಾಲಿನ್ಯಾಗ ಯಾವ ಪ್ರೋಗ್ರಾಂ ಓಡಿಸಬೇಕು ಅಂತ ಹೆಸರು ಕೊಡಬೇಕು. ಬರೀ ಹೆಸರು ಸಾಲದು — ಅದು ಇರೋ ಪ್ಯಾಕೇಜಿನ, ಅಂದ್ರ ಗಂಟಿನ, ಹೆಸರು ಮೊದಲು, ಆಮ್ಯಾಲ ಒಂದು ಚುಕ್ಕಿ, ಆಮ್ಯಾಲ ಅದರ ಹೆಸರು. ಇದನ್ನ ಹುಡುಗರ ತಲಿಗೆ ಹತ್ತಿಸೋದ್ರಾಗ ನನಗ ಸಾಕಾಗ್ತಿತ್ತು. ಮೇಡಂ ಏನ್ ಮಾಡಿದ್ರು? ಒಬ್ಬೊಬ್ಬರ ಪ್ಯಾಕೇಜಿಗೂ ಅವರವರ ಮನೆತನದ ಹೆಸರು ಇಡಿಸಿದ್ರು. ನಮ್ಮ ಕಡೆ ಇಂಟಿಪೇರು, ಅಂದ್ರ ಮನಿ ಹೆಸರು, ಮೊದಲ ಬರ್ತೈತಲ್ರಿ, ಹಂಗ. ಯಾರಿಗಾದ್ರೂ ಪರದೆ 'ಕ್ಲಾಸ್ ಸಿಗಲಿಲ್ಲ', ಅಂದ್ರ ಆ ಹೆಸರಿನ ಪ್ರೋಗ್ರಾಂ ಇಲ್ಲ, ಅಂತ ತಪ್ಪು ತೋರಿಸಿದ್ರ, ಹಿಂಗ ಬಗ್ಗಿ ನೋಡಿ ಕೇಳೋರು — "ಯಾರ ಮನೀದವ್ವಾ ಇದು?" ಅಷ್ಟ. ಹುಡುಗಿ ನಕ್ಕೊಂತ ಮನಿ ಹೆಸರು ಸೇರಿಸಿದ್ಲು ಅಂದ್ರ ಓಡ್ತಿತ್ತು. ಮಕ್ತಲ್‌ದಿಂದ, ಮರಿಕಲ್‌ದಿಂದ ಬಸ್ಸಿಗೆ ಬರೋ ಮಕ್ಕಳು ತಮ್ಮ ಮನಿ ಹೆಸರು ಪರದೆ ಮ್ಯಾಲ ನೋಡಿ ಹಿಗ್ಗೋರು. ಈ ಉಪಾಯ ನನಗ್ಯಾಕ ಹೊಳೀಲಿಲ್ಲ?

ಮೊನ್ನೆ, ಮಣ್ಣು ಮುಗಿದ ಮ್ಯಾಲ, ಈ ಅವ್ವ ಮಗಳ ಲ್ಯಾಪ್‌ಟಾಪ್ ಸೆರಗಿನ್ಯಾಗ ಸುತ್ಕೊಂಡು ನನ್ನ ಮನಿಗೆ ಬಂದ್ರು. ಸೀರೆ ಅಂಚಿನ ವಿನ್ಯಾಸ ಬಿಡಿಸೋ ಪ್ರೋಗ್ರಾಂ ಒಂದನ್ನ ಮೇಡಂ ಬರೆದಿದ್ರಂತ. ಜ್ವರ ಬಂದು ಮಲಗೋಕ ಮುಂಚೆ ಹೊಸ ಅಂಚು ಕೂಡಿಸಿ ಮುಗಿಸಿದ್ರಂತ. ಮಗ್ಗದ ಮ್ಯಾಲ ಹಾಸಿನ ಉದ್ದ ನೂಲು ಏರಿಸಿ ಅವ್ವ ಕಾಯ್ಕೊಂಡು ಕುಂತಿದ್ರು.

"ಅಂಚು ಇದರಾಗ ಐತ್ರಿ ಸರ್. ತೆಗೆದು ಕೊಡ್ರಿ. ಆಕೀ ಕಡೀ ಕೆಲಸ ನನ್ನ ಕೈಯಾಗ ಮುಗೀಲಿ."

ಅದರಾಗ ನನ್ನ ಹಸಿರು ಬಾಣ ಇರಲಿಲ್ಲ. ಕಪ್ಪು ಕಿಟಕಿ — ಅಷ್ಟ. ಪ್ರೋಗ್ರಾಂ ಹೆಸರು ಕಂಡ್ತು, 'ಅಂಚು' ಅಂತ. ಟೈಪ್ ಮಾಡಿದೆ. ಕ್ಲಾಸ್ ಸಿಗಲಿಲ್ಲ. ಮತ್ತ ಮಾಡಿದೆ. ಸಿಗಲಿಲ್ಲ. ಅವ್ವ ನನ್ನ ಮಾರಿ ನೋಡ್ತಿದ್ರು. ಈ ಅಂಚು ನನ್ನ ಕೈಯಾಗ ಮಣ್ಣುಪಾಲಾಗ್ತೈತಿ ಅಂತ ಹೆದರಿದೆ — ಆಗ ಕಿವಿಯಾಗ ಅದ ದನಿ. ಯಾರ ಮನೀದವ್ವಾ ಇದು?

"ಅವ್ವಾ, ನಿಮ್ಮ ಮನಿ ಹೆಸರೇನ್ರಿ?" ಅಂತ ಕೇಳಿದೆ. ಇಷ್ಟು ವರ್ಷ ಪಕ್ಕದ ಕುರ್ಚಿ, ನನಗ ಗೊತ್ತಿರಲಿಲ್ಲ. ನಾವು ಮಸ್ಕಿಯವ್ರು ಅಂದ್ರು.

ಮಸ್ಕಿ — ಚುಕ್ಕಿ — ಅಂಚು.

ಓಡ್ತು. ಪರದೆ ತುಂಬ ಗುಡಿ ಗೋಪುರದ ಸಾಲು, ಕೆಂಪು ಮ್ಯಾಲ ಬಂಗಾರ. ಅವ್ವ ಸೆರಗಿಂದ ಕಣ್ಣೊರೆಸಿಕೊಂಡು, ಮಗ್ಗದ ಮ್ಯಾಲಿನ ನೂಲಿಗೆ ಸರಿಯಾಗಿ ಕೂಡ್ತೈತಿ ಅಂದ್ರು. ನಾನೂ ಅತ್ತೆ. ಆದ್ರ ಅಳುವಿನ ಕೂಡ ಹೊಟ್ಟಿನೂ ಉರೀತು. ನಾನೂ ಅವ್ರಷ್ಟ ವರ್ಷ ಜಾವಾ ಕಲಿಸೀನಿ. ನಾ ಬರೆದದ್ದನ್ನ ಯಾರೂ ಮಗ್ಗದ ಮುಂದ ಕುಂತು ಕಾಯಂಗಿಲ್ಲ.

ಸೋಮವಾರದಿಂದ ಅವ್ರ ಲ್ಯಾಬ್ ಪೀರಿಯಡ್ಡೂ ನನಗ ಕೊಟ್ಟಾರ. ಅವ್ರು ಬಾಗಿಲದಾಗ ಕಾಲಿಟ್ರ ಗದ್ದಲ ತಾನ ಇಳೀತಿತ್ತು. ನಾ ಡಸ್ಟರ್ ಬಡಿದು, ಸುಮ್ಮನಿರ್ರಪಾ ಅಂತ ಬೇಡಬೇಕು. ಇವತ್ತೂ ಬೇಡಾಕ ನಿಂತೀನಿ. ಅಗಲಿದ ಜೀವಕ್ಕ ಶಾಂತಿ ಕೋರಿ, ದಯವಿಟ್ಟು ಎಲ್ಲರೂ ಒಂದು ನಿಮಿಷ —

ನನ್ನ ಮಾತಿನ್ನಾ ಮುಗಿದಿಲ್ಲ. ಆಗಲೇ ಎದ್ದು ನಿಂತೀರಿ. ಹಿಂದಿನ ಬೆಂಚಿನವ್ರೂ. ಒಬ್ಬರೂ ಪಿಟ್ ಅನ್ನವಲ್ಲಿರಿ.

ನೋಡ್ರಿ ಮೇಡಂ — ಇದೂ ನಿಮಗ.