ಅಣ್ಣನಿಗೆ ಹೇಳಿದ ಸಂತಾಪ

ಮೇಯೊ ಜಿಲ್ಲೆಯ ನಮ್ಮೂರಿನಲ್ಲಿ ಡೀಲಿಯಾ ತೀರಿಕೊಂಡಳು. ತೆರೆದಿಟ್ಟ ಶವಪೆಟ್ಟಿಗೆಯ ಪಕ್ಕ ಮನೆಯವರು ಕೂತಿದ್ದರು. ಸಂತಾಪ ಹೇಳಿ ಕೈಕುಲುಕುವವರ ಸಾಲು ರಸ್ತೆಯವರೆಗೂ ಬಂದಿತ್ತು. ನನ್ನ ಮುಂದೆ ನೆರೆಮನೆಯ ಅಟ್ರಾಕ್ಟಾ. ಅವಳ ಜೊತೆ, ಲೀಡ್ಸ್‌ನಿಂದ ಬಂದಿದ್ದ ಡೀಲಿಯಾಳ ಕಿರಿಮಗ ಕೋಲ್ಮನ್.

“ಹೆತ್ತ ಮಗ ನೀನು. ಈ ಸಾಲಲ್ಲಿ ಏನೋ ಕೆಲಸ ನಿಂಗೆ? ಹೋಗಿ ಅಣ್ಣನ ಪಕ್ಕ ಕೂತ್ಕೊ,” ಎಂದಳು ಅಟ್ರಾಕ್ಟಾ.

“ರೇಡಿಯೊದಲ್ಲಿ ಸಾವಿನ ಸುದ್ದಿ ಓದಿದ್ರಲ್ಲ, ಕೇಳಿದ್ರಾ ಅಕ್ಕಾ? ಸೊಸೆ, ಮೊಮ್ಮಕ್ಳು, ಎಲ್ಲರ ಹೆಸರೂ ಇತ್ತು. ನಂದಿರ್ಲಿಲ್ಲ.”

“ಅಪ್ಪನ ಮಣ್ಣಿಗೆ ನೀನು ಬರ್ಲಿಲ್ಲ ಅಂತ ನಿಮ್ಮಣ್ಣ ಫೆಸ್ಟಸ್‌ಗೆ ಇನ್ನೂ ಸಿಟ್ಟು ಕಣೋ.”

“ಆಗ ಬರೋಕೆ ಮುಖ ಇರ್ಲಿಲ್ಲ. ಈಗ್ಲೂ ಇಲ್ಲ. ಅಮ್ಮನ್ನ ಒಂದ್ಸಲ ನೋಡ್ಬೇಕು, ಅಷ್ಟೆ.”

“ಇಬ್ರೂ ಒಂದೇ ಅಚ್ಚು. ಹಠಮಾರಿ ಕತ್ತೆಗಳು.”

“ಆ ಹಠನೂ ಅಮ್ಮಂದೇ.”

ಸಾಲು ಸರಿಯಿತು. ಕೋಲ್ಮನ್ ತಾಯಿಯ ಕೈ ಮುಟ್ಟಿ, ಆಮೇಲೆ ಅಣ್ಣನ ಮುಂದೆ ಕೈ ಚಾಚಿದ.

“ನಿಮ್ಮ ತಾಯಿ ಬಹಳ ಒಳ್ಳೆಯವರಾಗಿದ್ರು.”

“ಬಂದಿದ್ದಕ್ಕೆ ಉಪಕಾರ ಆಯ್ತು,” ಎಂದ ಫೆಸ್ಟಸ್, ಎಲ್ಲರಿಗೂ ಹೇಳಿದ ಹಾಗೆಯೇ.

ಕೋಲ್ಮನ್ ಹೊರಗೆ ನಡೆದ. ಅಟ್ರಾಕ್ಟಾ ಅವನ ಹಿಂದೆಯೇ ಓಡಿದಳು. ಮುಂದಿನ ಕೈ ನನ್ನದು. ಫೆಸ್ಟಸ್ ಅದನ್ನು ಹಿಡಿದುಕೊಂಡು, ಬಾಗಿಲನ್ನೇ ನೋಡುತ್ತ, ಬಿಡುವುದನ್ನೇ ಮರೆತ.