ಎರಡು ಕಂಪ್ಯೂಟರುಗಳು ಮಾತು ಬಿಟ್ಟ ದಿನ

ವೇದಿಕೆಯ ಮೇಲಿರುವ ಪ್ರಾಂಶುಪಾಲರೇ, ಇಂದು ನಮ್ಮನ್ನು ಬಿಟ್ಟು ಕಾರ್ಕಳದ ಕಾಲೇಜಿಗೆ ಹೊರಟಿರುವ ಝೀಟಾ ಮೇಡಮ್ ಅವರೇ, ಹೊರಗೆ ಅಂಬೊಡೆ ಕರಿಯುವ ಪರಿಮಳ ಬರುತ್ತಿದ್ದರೂ ಒಳಗೇ ಕುಳಿತಿರುವ ಸಹೃದಯಿ ಸಭಿಕರೇ,

"ಎರಡೇ ನಿಮಿಷ, ಲಿಯೋನೆಲ್" ಎಂದು ಪ್ರಾಂಶುಪಾಲರು ಎಚ್ಚರಿಸಿದ್ದಾರೆ. ಪ್ರಯತ್ನಿಸುತ್ತೇನೆ.

ನಮ್ಮ ಕಂಪ್ಯೂಟರ್ ವಿಭಾಗದಲ್ಲಿ ಇರುವುದು ಮೇಡಮ್ ಮತ್ತು ನಾನು, ಇಬ್ಬರೇ ಅಧ್ಯಾಪಕರು. ಎಂಬತ್ತಾರರಲ್ಲಿ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಏಕೆ? ಕಂಪ್ಯೂಟರುಗಳ ಸಂಪರ್ಕಕ್ಕೆ ಏಳು ಪದರಗಳುಂಟು. ಎಲ್ಲಕ್ಕಿಂತ ಕೆಳಗೆ ವಯರು, ಎಲ್ಲಕ್ಕಿಂತ ಮೇಲೆ ನಾವು ಕಾಣುವ ಸಂದೇಶ. ಮೇಡಮ್ ಬರೆದ ಆ ಚಿತ್ರವನ್ನು ನಾನು ವಿದ್ಯಾರ್ಥಿಗಳ ಎದುರೇ ತಿದ್ದಿದೆ. ಚಿತ್ರ ಸರಿಯಿತ್ತು. ಕೆಳಗಿನಿಂದ ಎಣಿಸಬೇಕಾದ್ದನ್ನು ನಾನು ಮೇಲಿನಿಂದ ಎಣಿಸಿದ್ದೆ. ಕ್ಷಮೆ ಕೇಳಬೇಕಿತ್ತು. ಕೇಳಿದೆನೇ? ಇಲ್ಲ. ನಾಲ್ಕು ತಿಂಗಳು ನಮ್ಮ ವ್ಯವಹಾರವೆಲ್ಲ ಅಟೆಂಡರ್ ದೇಜಪ್ಪಣ್ಣನ ಕೈಯ ಚೀಟಿಗಳಲ್ಲಿ.

ಅಷ್ಟರಲ್ಲಿ ವಾರ್ಷಿಕೋತ್ಸವ ಬಂತು. ಮೇಡಮ್ ಕೋಣೆಯ ಕಂಪ್ಯೂಟರಿನಿಂದ ಈ ಸಭಾಂಗಣದ ಕಂಪ್ಯೂಟರಿಗೆ ಸ್ವಾಗತದ ಸಂದೇಶ ಬರಬೇಕು. ಆ ತುದಿಯ ಪ್ರೋಗ್ರಾಮು ಅವರದು, ಈ ತುದಿಯದು ನನ್ನದು. ಉಡುಪಿಯಿಂದ ಬಂದ ಮುಖ್ಯ ಅತಿಥಿಗಳು ಪರದೆಯನ್ನೇ ನೋಡುತ್ತಾ ಕುಳಿತರು. ಐದು ನಿಮಿಷ. ಹತ್ತು ನಿಮಿಷ. ಪರದೆ ಖಾಲಿ. ವಯರು ನೋಡಿದೆ, ಸರಿಯಿತ್ತು. ಸಂದೇಶ ಸಾಗುವ ವೇಗ ನೋಡಿದೆ, ಸರಿಯಿತ್ತು. ಪ್ರಾಂಶುಪಾಲರು ನನ್ನ ಕಿವಿಯಲ್ಲಿ, "ಎಂತ ಮಾರಾಯ, ಮರ್ಯಾದೆ ಹೋಗ್ತದೆ" ಎಂದರು.

ಬೇರೆ ದಾರಿ ಕಾಣದೆ ನಾನು ಮೇಡಮ್ ಕೋಣೆಗೆ ನಡೆದೆ.

"ನಿಮ್ಮ ಕಂಪ್ಯೂಟರ್ ಎಂತಕ್ಕೆ ಕಾಯ್ತಾ ಉಂಟು?" ಎಂದೆ.

"ನಿಮ್ಮದು ಮೊದಲು ಕರೆಯಲಿ ಅಂತ."

"ನನ್ನದು, ನಿಮ್ಮದು ಕರೆಯಲಿ ಅಂತ ಕಾಯ್ತಾ ಉಂಟು."

ಪ್ರೋಟೋಕಾಲ್ ಎಂದರೆ ಇದೇ ಅಲ್ಲವೇ? ಯಾರು ಮೊದಲು ಕರೆಯಬೇಕು, ಕೇಳಿದವರು "ಕೇಳಿತು" ಎಂದು ಹೇಗೆ ತಿಳಿಸಬೇಕು, ತಿಳಿಸದಿದ್ದರೆ ಎಷ್ಟು ಹೊತ್ತು ಕಾದು ಮತ್ತೆ ಕರೆಯಬೇಕು. ಎರಡೂ ತುದಿಯವರು ಮೊದಲೇ ಕೂತು ಒಪ್ಪಿಕೊಳ್ಳಬೇಕು. ನಾವು ಕೂತಿರಲೇ ಇಲ್ಲ.

"ಅಂದು ನಿಮ್ಮ ಚಿತ್ರ ಸರಿಯಿತ್ತು" ಎಂದೆ.

"ಗೊತ್ತುಂಟು" ಎಂದು ಅವರು ತಮ್ಮ ಕಂಪ್ಯೂಟರೇ ಮೊದಲು ಕರೆಯುವಂತೆ ಒಂದು ಸಾಲು ತಿದ್ದಿದರು. ನಾನು ಸಭಾಂಗಣಕ್ಕೆ ಓಡಿ ಬರುವಷ್ಟರಲ್ಲಿ ಪರದೆಯ ಮೇಲೆ ಸ್ವಾಗತದ ಬದಲು ಇಂಗ್ಲಿಷ್ ಅಕ್ಷರಗಳಲ್ಲಿ ಕೊಂಕಣಿ ಮೂಡಿತ್ತು: "ಜೆವಣ್ ಜಾಲೆಂಗೀ?" ಊಟ ಆಯಿತಾ ಎಂದು. ನಾನು ಬೆಳಗಿನಿಂದ ಊಟಕ್ಕೂ ಎದ್ದಿಲ್ಲವೆಂದು ದೇಜಪ್ಪಣ್ಣ ಮೇಡಮ್ ಅವರಿಗೆ ತಿಳಿಸಿದ್ದರು. ಮುಖ್ಯ ಅತಿಥಿಗಳು ಗಂಭೀರವಾಗಿ, "ಇದು ಕಂಪ್ಯೂಟರಿನ ಫೋರ್ಟ್ರಾನ್ ಭಾಷೆಯಾ?" ಎಂದು ಕೇಳಿದರು. ನಾನು ಹೌದೆಂದೆ.

ಅಂದಿನಿಂದ ನಾವು ಒಟ್ಟಿಗೇ ಊಟ ಮಾಡುತ್ತಿದ್ದೇವೆ. ಬರುವ ಫೆಬ್ರವರಿಯಲ್ಲಿ ಕೆಮ್ಮಣ್ಣು ಊರಿನ ಇಗರ್ಜಿಯಲ್ಲಿ ನಮ್ಮ ಮದುವೆ. ಈ ವಿಷಯವನ್ನು ಇಲ್ಲಿ ಹೇಳಕೂಡದೆಂದು ಮೇಡಮ್ ನಿನ್ನೆ ಎರಡು ಸಲ ಹೇಳಿದ್ದರು. ಅವರೀಗ ನನ್ನನ್ನು ನೋಡುತ್ತಿರುವುದನ್ನು ಕಂಡರೆ, ತಾಳ್ಮೆಯಿಂದ ಕೇಳಿದ ತಮಗೆಲ್ಲ ವಂದಿಸಿ ಕೆಳಗಿಳಿಯುವುದೇ ಕ್ಷೇಮ. ನಮಸ್ಕಾರ.